ಅಪ್ಪನ ಕೈಗೆ ಹೋದರೆ ಹೆಪ್ಪುಗಟ್ಟುವ ಕೋವಿ

ಕುಮಟೆಯಲ್ಲಿ ಸೋಡಾ ಫ್ಯಾಕ್ಟರಿ ನಡೆಸುವ ಮಹಾಗಣಪತಿಯ ಮೇಲೆ ನಾನು ಅಷ್ಟು ಕೂಗಾಡಬಾರದಿತ್ತು. ಆದರೆ ಆ ಹೊತ್ತಿಗೆ ನನ್ನ ತಲೆ ಸರಿ ಇರಲಿಲ್ಲ. ಒಂದೂವರೆ ತಿಂಗಳಲ್ಲಿ ಐದನೇ ಸಲ ಹೊನ್ನಾವರದಿಂದ ಬಸ್ಸು ಹತ್ತಿ, ಚೀಲದಲ್ಲಿ ಎರಡು ಸಣ್ಣ ಸಿಲಿಂಡರು ಹಾಕಿಕೊಂಡು ಅವನ ಬಾಗಿಲಿಗೆ ಬಂದಿದ್ದೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಚೀಲ ಮುಟ್ಟಿ ನೋಡಿ ಸೀಟು ಬದಲಿಸಿದ್ದಳು.

"ನಿಮ್ಮ ಗ್ಯಾಸಲ್ಲಿ ನೀರು ಉಂಟು," ಎಂದೆ.

"ಗ್ಯಾಸಲ್ಲಿ ನೀರು ಇರೂದಿಲ್ಲ ಅಕ್ಕ. ನೀರಿಗೆ ನಾವು ಗ್ಯಾಸ್ ಹಾಕೂದು," ಎಂದ ಮಹಾಗಣಪತಿ, ನಗದೆ.

"ಮತ್ತೆ ನನ್ನ ರೆಗ್ಯುಲೇಟರು ಎಂತಕ್ಕೆ ಹೆಪ್ಪುಗಟ್ತದೆ?"

"ಅದು ನಿಮ್ಮ ರೆಗ್ಯುಲೇಟರನ್ನೇ ಕೇಳ್ಬೇಕು."

ಇಂಥ ಉತ್ತರ ಕೇಳಿ ಸುಮ್ಮನಿರುವ ಜಾತಿಯವಳಲ್ಲ ನಾನು. ತೂಕ ಸರಿ ಇಲ್ಲ ಎಂದೆ, ಅವನು ನನ್ನೆದುರೇ ತಕ್ಕಡಿಯಲ್ಲಿಟ್ಟು ತೋರಿಸಿದ. ಗ್ಯಾಸು ಹಳತು ಎಂದೆ, ಹೊಸ ಸಿಲಿಂಡರಿನ ಸೀಲು ನನ್ನೆದುರೇ ಒಡೆದ. ಬಾಯಿಗೆ ಬಂದದ್ದೆಲ್ಲ ಅಂದು ಮುಗಿಸುವ ಹೊತ್ತಿಗೆ ಬಾಟಲಿ ತೊಳೆಯುತ್ತಿದ್ದ ಹೆಂಗಸರೂ ಕೆಲಸ ಬಿಟ್ಟು ನಿಂತಿದ್ದರು.

ನಾನು ಯಾರು, ನನ್ನ ಚೀಲದಲ್ಲಿ ಇದ್ದದ್ದು ಏನು ಎಂದು ಹೇಳಿಬಿಡುತ್ತೇನೆ. ನನ್ನ ಹೆಸರು ಚಂದನಾ. ಹೊನ್ನಾವರದ ಹತ್ತಿರ ಸಮುದ್ರದ ದಂಡೆಯ ಒಂದು ರೆಸಾರ್ಟಿನಲ್ಲಿ ಎಂಟು ವರ್ಷ ಪೇಂಟ್‌ಬಾಲ್ ಗನ್ನುಗಳ ರಿಪೇರಿ ಮಾಡಿದವಳು. ಹುಬ್ಬಳ್ಳಿ ಬೆಳಗಾವಿ ಕಡೆಯ ಕಂಪನಿ ಜನ ಬಂದು ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆದುಕೊಂಡು, ಊಟ ಮಾಡಿ ಹೋಗುತ್ತಿದ್ದರು. ಗನ್ನು ಬಿಚ್ಚುವುದು, ತೊಳೆಯುವುದು, ರಬ್ಬರ್ ರಿಂಗು ಬದಲಿಸುವುದು ನನ್ನ ಕೆಲಸ. ಕಳೆದ ವರ್ಷ ಮಾಲೀಕರು ಆ ಆಟ ನಿಲ್ಲಿಸಿ ಅಲ್ಲಿ ಈಜುಕೊಳ ಮಾಡಿದರು. ನನಗೆ ಒಂದು ಗನ್ನು, ಎರಡು ಸಿಲಿಂಡರು, ಒಂದು ಚೀಲ ಗುಂಡು ಕೊಟ್ಟು ಕಳಿಸಿದರು. ಅದನ್ನು ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಅಪ್ಪನಿಂದ.

ಅಪ್ಪ ದೇವಪ್ಪ, ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ ನನ್ನ ತಮ್ಮ ನರೇಶನ ಸಂಸಾರದ ಜೊತೆ ಇದ್ದಾರೆ. ಬೆಳೆ ಕಾಯುವ ಕೋವಿಗೆ ನಮ್ಮ ಕೇರಿಯಲ್ಲಿ ಲೈಸನ್ಸ್ ಇರುವುದು ಅವರೊಬ್ಬರಿಗೇ. ಮೂವತ್ತೈದು ವರ್ಷದಿಂದ ಯಾರ ತೆಂಗಿಗೆ ಮಂಗ ಬಂದರೂ ಮೊದಲು ಕೂಗುವುದು ಅಪ್ಪನ ಹೆಸರು. ಅವರು ಹೋಗಿ ಒಂದು ಗುಂಡು ಆಕಾಶಕ್ಕೆ ಹೊಡೆದರೆ ಇಡೀ ಹಿಂಡು ಗದ್ದೆ ದಾಟುತ್ತದೆ. ಒಂದು ಮಂಗಕ್ಕೂ ತಾಗಿಸಿದವರಲ್ಲ, ತಾಗಿಸಬೇಕೆಂದು ಯಾರಾದರೂ ಹೇಳಿದರೆ ಅವರ ಮನೆಗೆ ಮತ್ತೆ ಹೋದವರೂ ಅಲ್ಲ.

ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಈ ಸಲವೂ ಅಪ್ಪ ಇಟ್ಟು ಬಂದರು. ಫಲಿತಾಂಶ ಬಂತು, ಮಳೆಗಾಲ ಬಂತು, ಹೋಯಿತು. ಕೋವಿ ಬರಲಿಲ್ಲ. ಕೇಳಿದರೆ ಅಪ್ಪ "ಕಾಗದ ಆಗ್ಲಿಲ್ಲ" ಎನ್ನುತ್ತಿದ್ದರು. ಕೋವಿ ಇಲ್ಲದ ಅಪ್ಪ ಜಗಲಿ ಬಿಟ್ಟು ಇಳಿಯಲಿಲ್ಲ. ಮೊದಮೊದಲು ಮಂಗ ಓಡಿಸಲು ಹೋಗುವುದು ಬಿಟ್ಟರು, ಆಮೇಲೆ ಗದ್ದೆಯ ಕಡೆ ಹೋಗುವುದು, ಆಮೇಲೆ ಚಾ ಅಂಗಡಿಗೆ ಹೋಗುವುದು. ಪಕ್ಕದ ಮನೆಯ ಗಂಗಕ್ಕ ಬೇಲಿಯಾಚೆಯಿಂದ ಕೂಗಿದರೆ, "ಕೋವಿ ಇಲ್ಲ, ನಾ ಬಂದು ಎಂತ ಮಾಡೂದು?" ಎಂದು ಕೂತಲ್ಲೇ ಕೂರುತ್ತಿದ್ದರು. ನರೇಶನಿಗೆ ಭಟ್ಕಳದಲ್ಲಿ ಔಷಧಿ ಅಂಗಡಿ, ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬರುವುದು. ಅವನಿಗೆ ಇದೆಲ್ಲ ಕಾಣಲಿಲ್ಲ, ವಾರಕ್ಕೊಮ್ಮೆ ಬರುವ ನನಗೆ ಕಂಡಿತು. ಊರು ಸುತ್ತುವ ಮನುಷ್ಯ ಆರು ತಿಂಗಳಲ್ಲಿ ಜಗಲಿಯ ಕಂಬದ ಹಾಗೆ ಆಗಿಬಿಟ್ಟಿದ್ದರು.

ನನಗೆ ಬೇಕಾದ್ದು ಒಂದೇ. ಅಪ್ಪ ಜಗಲಿಯಿಂದ ಇಳಿಯಬೇಕು. ಅವರ ಕೈಗೆ ಒಂದು ಕೋವಿ ಬೇಕು, ಲೈಸನ್ಸ್ ಕೇಳದ ಕೋವಿ, ಸದ್ದು ಮಾಡಿ ಮರದ ಮೈಗೆ ಬಣ್ಣ ಸಿಡಿಸಿ ಮಂಗನನ್ನು ಹೆದರಿಸುವ ಕೋವಿ. ನನ್ನ ಅಟ್ಟದ ಮೇಲೆ ಅದು ಇತ್ತು.

ಈಗ ಗ್ಯಾಸಿನ ವಿಷಯ. ರೆಸಾರ್ಟಿನಲ್ಲಿ ಗಾಳಿ ತುಂಬುವ ದೊಡ್ಡ ಕಂಪ್ರೆಸರು ಇತ್ತು, ಅದನ್ನು ಮಾರಿದ್ದರು. ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ಸಮುದ್ರದಡಿ ಮುಳುಗಿಸುವ ಸ್ಕೂಬಾದವರ ಹತ್ತಿರ ಗಾಳಿ ಸಿಗುತ್ತದೆಂದು ಹೋದೆ, ಅವರ ಪಂಪಿನ ಬಾಯಿಗೆ ನಮ್ಮ ಸಿಲಿಂಡರು ಕೂರಲಿಲ್ಲ. ಉಳಿದದ್ದು ಸೋಡಾಕ್ಕೆ ಹಾಕುವ ಕಾರ್ಬನ್ ಡೈಆಕ್ಸೈಡು. ಅದು ಸಿಲಿಂಡರಿನೊಳಗೆ ದ್ರವವಾಗಿ ಇರುತ್ತದೆ, ಮೇಲೆ ಸ್ವಲ್ಪ ಗ್ಯಾಸಾಗಿ ನಿಂತಿರುತ್ತದೆ. ಬಿಸಿಲಿಗೆ ಅದರ ಒತ್ತಡ ಏರುತ್ತದೆ, ನೆರಳಿಗೆ ಇಳಿಯುತ್ತದೆ. ಆ ಏರಿಳಿತವನ್ನು ಹದಕ್ಕೆ ತಂದು ಗನ್ನಿಗೆ ಬಿಡುವುದೇ ರೆಗ್ಯುಲೇಟರಿನ ಕೆಲಸ, ಅಡಿಗೆಮನೆಯ ಗ್ಯಾಸಿಗೆ ಇರುವ ಹಾಗೆಯೇ. ಆದರೆ ಗ್ಯಾಸಿನ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿದರೆ ಕತೆ ಮುಗಿಯಿತು. ಲೋಹ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ರಬ್ಬರ್ ರಿಂಗು ಕಲ್ಲಾಗಿ ಸೀಳುತ್ತದೆ, ಗುಂಡು ನಳಿಗೆಯಲ್ಲೇ ಒಡೆದು ಹಳದಿ ಬಣ್ಣ ಬಾಯಿಯಿಂದ ಸೋರುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಎಂಟು ವರ್ಷದ ಕೆಲಸ ಅದು. ಲೆಕ್ಕ ಹಾಕಿಯೇ ಕೈಹಾಕಿದ್ದೆ. ಮಂಗ ಇರುವುದು ಮರದ ತಲೆಯಲ್ಲಿ. ಹೊಡೆಯುವಾಗ ನಳಿಗೆ ಮೇಲೆ ಇರುತ್ತದೆ, ಗನ್ನಿನ ಹಿಂಭಾಗಕ್ಕೆ ತಿರುಪಿ ಕೂರಿಸಿದ ಸಿಲಿಂಡರಿನ ಬುಡ ಕೆಳಗೆ ಇರುತ್ತದೆ, ದ್ರವ ಬುಡದಲ್ಲೇ ಉಳಿಯುತ್ತದೆ. ರೆಗ್ಯುಲೇಟರಿಗೆ ಹೋಗುವುದು ಬರೀ ಗ್ಯಾಸು. ನೆಲದ ಮೇಲಿನ ಆಟಕ್ಕೆ ಸರಿಯಲ್ಲದ್ದು ತೆಂಗಿನ ಮರಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಹೊನ್ನಾವರದ ನಮ್ಮ ಹಿತ್ತಿಲಲ್ಲಿ ಎಪ್ಪತ್ತು ಗುಂಡು ಹೊಡೆದು ನೋಡಿದೆ. ಒಂದೂ ಕೈಕೊಡಲಿಲ್ಲ. ಮಾರನೆಯ ದಿನ ಮುಟ್ಟಳ್ಳಿಗೆ ತಂದು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ಸವರಿದರು. ಬಣ್ಣ ಸಿಡಿಯದ ಹಾಗೆ ಕಣ್ಣಿಗೆ ಹಾಕುವ ಕನ್ನಡಕ ಕೊಟ್ಟರೆ, "ಇದು ಹಾಕಿದ್ರೆ ಎಂತದೂ ಕಾಣೂದಿಲ್ಲ" ಎಂದು ಬದಿಗಿಟ್ಟರು. ಗಂಗಕ್ಕನ ತೋಟಕ್ಕೆ ಹೋದರು. ಹೋದರಲ್ಲ ಎಂದು ನನಗೆ ಹಬ್ಬ. ಕಾಲು ಗಂಟೆಯಲ್ಲಿ ವಾಪಸು ಬಂದರು. ರೆಗ್ಯುಲೇಟರು ಉಪ್ಪು ಸವರಿದ ಮೀನಿನ ಹಾಗೆ ಬೆಳ್ಳಗಾಗಿತ್ತು, ಒಳಗಿಂದ ಸುಂಯ್ ಎಂದು ಗ್ಯಾಸು ಹೋಗುತ್ತಿತ್ತು.

ರಿಂಗು ಬದಲಿಸಿದೆ. ಮರುವಾರ ಮತ್ತೆ ಅದೇ. ಸಮುದ್ರದ ಗಾಳಿಗೆ ಸ್ಪ್ರಿಂಗು ತುಕ್ಕು ಹಿಡಿದಿದೆಯೆಂದು ಸ್ಪ್ರಿಂಗು ಬದಲಿಸಿದೆ. ಅದೇ. ಎಣ್ಣೆ ಬದಲಿಸಿದೆ, ಸಿಲಿಂಡರು ಬದಲಿಸಿದೆ, ಒತ್ತಡ ಇಳಿಸಿದೆ. ಹೊನ್ನಾವರದಲ್ಲಿ ನನ್ನ ಕೈಯಲ್ಲಿ ಎಲ್ಲ ಸರಿ, ಮುಟ್ಟಳ್ಳಿಯಲ್ಲಿ ಅಪ್ಪನ ಕೈಗೆ ಹೋದ ಕೂಡಲೆ ಹೆಪ್ಪು. ರಾತ್ರಿ ಊಟಕ್ಕೆ ಕೂತರೂ ಅದೇ ಯೋಚನೆ. ಸಾರು ಉಪ್ಪಾಗಿದೆ ಎಂದು ಗಂಡ ಅಂದರೆ ಅವರ ಮೇಲೆ ಹರಿಹಾಯುತ್ತಿದ್ದೆ.

ಅಪ್ಪ ಮಾತ್ರ ಒಂದು ದಿನವೂ ಬೇಸರ ಮಾಡಲಿಲ್ಲ. "ಬಿಡು ಮಗಾ, ಆ ಸಾಮಾನು ಈ ಊರಿಗೆ ಅಲ್ಲ. ನೀ ಎಷ್ಟು ಅಂತ ಓಡಾಡ್ತೆ?" ಎಂದು ಸಮಾಧಾನ ಮಾಡುತ್ತಿದ್ದರು. ಅವರ ಸಮಾಧಾನ ನೋಡಿ ನನಗೆ ಇನ್ನಷ್ಟು ಸಿಟ್ಟು.

ಐದನೇ ಸಲ ಆದದ್ದು ಎಲ್ಲರೆದುರು. ಗಂಗಕ್ಕ ಊರ ನಾಲ್ಕು ಜನರನ್ನು ಕರೆದಿದ್ದಳು, ದೇವಪ್ಪಣ್ಣನ ಹೊಸ ಕೋವಿ ನೋಡಿ ಎಂದು. ಮಗಳಿಗೆ ಕಳಿಸಬೇಕೆಂದು ಮೊಬೈಲು ಹಿಡಿದು ವಿಡಿಯೋ ಬೇರೆ ಮಾಡುತ್ತಿದ್ದಳು. ಮಂಗ ಬಂತು, ಅಪ್ಪ ಎತ್ತಿದರು, ಕೋವಿ ಸೀನಿತು, ಹಳದಿ ಬಣ್ಣ ಅವರ ಪಂಚೆಯ ಮೇಲೆಲ್ಲ ಸುರಿಯಿತು. "ಸೋಡಾ ಬಂದೂಕು" ಎಂದ ಕೆಳಗಿನ ಮನೆಯ ಈರ. ಎಲ್ಲರೂ ನಕ್ಕರು. ಅಪ್ಪ ಗನ್ನು ನನ್ನ ಕೈಗೆ ಕೊಟ್ಟು, "ಆಟದ ಸಾಮಾನು, ಆಟದವ್ರಿಗೇ ಕೊಡು" ಎಂದು ಹೇಳಿ ಮನೆಗೆ ನಡೆದರು. ಬೇಲಿ ದಾಟುವಾಗ ಕಾಲಿನಿಂದ ತಡಕಿ ತಡಕಿ ದಾಟಿದರು. ಅವಮಾನಕ್ಕೆ ಕಾಲು ನಡುಗುತ್ತಿದೆ ಎಂದುಕೊಂಡೆ. ನನ್ನಿಂದಾಗಿ ಅವರು ನಗೆಪಾಟಲಾದರಲ್ಲ ಎಂದು ಅಳು ಬಂತು.

ಅದರ ಮರುದಿನವೇ ನಾನು ಮಹಾಗಣಪತಿಯ ಬಾಗಿಲಲ್ಲಿ ಕೂಗಾಡಿದ್ದು.

ನಾನು ಕೂಗಿ ಸುಸ್ತಾದ ಮೇಲೆ ಅವನು ಸುಮ್ಮನೆ ನನ್ನ ಸಿಲಿಂಡರು ತುಂಬಲು ಹೋದ. ಆಳೆತ್ತರದ ದೊಡ್ಡ ಸಿಲಿಂಡರನ್ನು ಕಬ್ಬಿಣದ ಸ್ಟ್ಯಾಂಡಿನಲ್ಲಿ ಅಡಿಮೇಲು ಮಾಡಿದ.

"ಬಾಯಿ ಕೆಳಗೆ ಮಾಡದೆ ದ್ರವ ಇಳಿಯೂದಿಲ್ಲ ಅಕ್ಕ. ನಿಮ್ಗೆ ಗೊತ್ತುಂಟಲ್ಲ," ಎಂದ.

"ಗೊತ್ತುಂಟು," ಎಂದೆ, ಸಿಡುಕಿನಿಂದಲೇ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಗಕ್ಕ ಕಳಿಸಿದ ವಿಡಿಯೋ ತೆಗೆದೆ. ಅಲ್ಲಿಯವರೆಗೆ ಅದನ್ನು ನೋಡುವ ಧೈರ್ಯ ಇರಲಿಲ್ಲ. ಹನ್ನೊಂದು ನಿಮಿಷದ ವಿಡಿಯೋ. ಅದರಲ್ಲಿ ಹತ್ತೂವರೆ ನಿಮಿಷ ಏನೂ ಇಲ್ಲ, ಅಪ್ಪ ಮಂಗ ಬರುವುದನ್ನು ಕಾಯುತ್ತ ನಿಂತಿದ್ದಾರೆ ಅಷ್ಟೇ. ಎದೆ ನೆಟ್ಟಗೆ, ಕಾಲು ಅಗಲ, ಕೋವಿ ಎರಡು ಕೈಯಲ್ಲಿ, ನಳಿಗೆಯ ಬಾಯಿ ನೆಲಕ್ಕೆ. ಹತ್ತೂವರೆ ನಿಮಿಷ ನೆಲಕ್ಕೆ. ಹಿಂದೆ ಸಿಲಿಂಡರಿನ ಬುಡ ಆಕಾಶ ನೋಡುತ್ತಿದೆ, ಒಳಗಿನ ದ್ರವವೆಲ್ಲ ರೆಗ್ಯುಲೇಟರಿಗೆ ಇಳಿಯುತ್ತಿದೆ.

ಹಣೆ ಹಣೆ ಚಚ್ಚಿಕೊಳ್ಳಬೇಕು ಅನಿಸಿತು. ಹೊಡೆಯುವ ಮೂರು ಸೆಕೆಂಡಿಗೆ ಲೆಕ್ಕ ಹಾಕಿದ್ದೆ, ಕಾಯುವ ಹತ್ತು ನಿಮಿಷಕ್ಕೆ ಹಾಕಿರಲಿಲ್ಲ. ಹಿತ್ತಿಲಲ್ಲಿ ನಾನು ಕಾಯುವುದೇ ಇಲ್ಲವಲ್ಲ, ಎತ್ತುವುದು, ಹೊಡೆಯುವುದು. ಮಹಾಗಣಪತಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಆತು ಅಕ್ಕ, ಮುಂದಿನ ಸಲ ಬಂದಾಗ ಒಂದು ಸೋಡಾ ಕುಡ್ಕಂಡು ಹೋಗಿ" ಎಂದ. ಅವನು ಬೈದಿದ್ದರೆ ವಾಸಿ ಇತ್ತು.

ಮರುದಿನ ಬೆಳಿಗ್ಗೆ ಮುಟ್ಟಳ್ಳಿಯ ಜಗಲಿಯಲ್ಲಿ ಅಪ್ಪನೆದುರು ನಿಂತೆ.

"ಅಪ್ಪ, ತಪ್ಪು ಕೋವಿದಲ್ಲ. ನೀವು ಹಿಡಿಯೂದ್ರಲ್ಲಿ ಉಂಟು. ಬಾಯಿ ಮೇಲೆ ಮಾಡಿ ಕಾಯ್ಬೇಕು."

ಅಪ್ಪ, "ನಮ್ಮ ಊರಲ್ಲಿ ಬಾಯಿ ಮೇಲೆ ಮಾಡಿ ನಿಲ್ಲೂಕೆ ಆಗೂದಿಲ್ಲ. ಯಾವ ಮರದ ಮೇಲೆ ಯಾರು ಕಾಯಿ ಕೊಯ್ತಾ ಇರ್ತಾರೋ. ಬೇರೆ ಊರಲ್ಲಿ ಮನುಷ್ಯ ನೆಲದ ಮೇಲೆ ಮಾತ್ರ ಇರ್ತಾನೆ, ಇಲ್ಲಿ ಮೇಲೂ ಇರ್ತಾನೆ. ನನ್ನ ಅಪ್ಪ ಕೋವಿ ಕೈಗೆ ಕೊಟ್ಟ ದಿನ ಹೇಳಿದ ಮೊದಲ್ನೇ ಮಾತು ಅದು. ನರೇಶಂಗೂ ಅದೇ ಕಲ್ಸಿದ್ದೆ," ಎಂದರು.

"ನರೇಶಂಗೆ ಕಲ್ಸಿದ್ರಿ. ನಂಗೆ ಕಲ್ಸಿದ್ರೆ ನಾನೂ ಹಾಂಗೇ ಹಿಡಿತಿದ್ದೆ. ಮೊದಲ್ನೇ ದಿನವೇ ಹಿತ್ಲಲ್ಲಿ ಹೆಪ್ಪುಗಟ್ಟಿ ನಂಗೆ ಗೊತ್ತಾಗ್ತಿತ್ತು. ಒಂದೂವರೆ ತಿಂಗಳು ಬಸ್ಸಲ್ಲಿ ಸಾಯ್ತಿರಲಿಲ್ಲ."

"ನೀ ಕೇಳ್ಲಿಲ್ಲ."

"ಕೇಳಿದ್ದೆ. ಹೆಣ್ಣುಮಕ್ಕಳಿಗೆ ಎಂತಕ್ಕೆ ಅಂದ್ರಿ."

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಂದ ಬಿತ್ತು. ನರೇಶನಿಗೆ ಕೋವಿ ಹಿಡಿಯುವುದು ಕಲಿಸಿದಾಗ ಅವನಿಗೆ ಹನ್ನೆರಡು, ನನಗೆ ಹದಿನಾಲ್ಕು. ಅವನು ಆಮೇಲೆ ಅದನ್ನು ಮುಟ್ಟಲೂ ಇಲ್ಲ, ನಾನು ಬದುಕಿಗೆ ಹಿಡಿದದ್ದೇ ಕೋವಿ ರಿಪೇರಿ. ಅಪ್ಪ ಮುಖ ಬೇಲಿಯ ಕಡೆ ಮಾಡಿ ಕೂತರು. ನಾನು ಹಠ ಬಿಡಲಿಲ್ಲ. ಅವರ ಕೈ ಬದಲಾಗುವುದಿಲ್ಲ ಎಂದಾದರೆ ಸಿಲಿಂಡರಿನ ಜಾಗ ಬದಲಾಗಬೇಕು. ಔಷಧಿ ಹೊಡೆಯುವ ಪಂಪಿನ ಹಾಗೆ ಸಿಲಿಂಡರು ಸೊಂಟದಲ್ಲಿ, ಅಲ್ಲಿಂದ ಗನ್ನಿಗೆ ಒಂದು ಪೈಪು. ಸೊಂಟದಲ್ಲಿ ಅದು ಸದಾ ನೆಟ್ಟಗೆ ನಿಂತಿರುತ್ತದೆ, ಕೋವಿಯ ಬಾಯಿ ಎತ್ತ ತಿರುಗಿದರೂ ದ್ರವ ಬುಡ ಬಿಟ್ಟು ಮೇಲೆ ಬರುವುದಿಲ್ಲ. ಅಂಥ ಪೈಪು ಸಿಗುತ್ತದೆ. ಆನ್‌ಲೈನಿನಲ್ಲಿ ತರಿಸಿದೆ. ಹತ್ತು ದಿನ ತಡವಾಯಿತು, ಬಂತು.

ಅಂಗಳದಲ್ಲಿ ಅಪ್ಪನ ಸೊಂಟಕ್ಕೆ ಬಟ್ಟೆಯ ಚೀಲ ಕಟ್ಟಿ ಸಿಲಿಂಡರು ಇಟ್ಟೆ. ಅವರು ತಮ್ಮ ರೀತಿಯಲ್ಲೇ ಬಾಯಿ ಕೆಳಗೆ ಮಾಡಿ ಇಪ್ಪತ್ತು ನಿಮಿಷ ನಿಂತರು. ನಾನು ಎರಡು ನಿಮಿಷಕ್ಕೊಮ್ಮೆ ರೆಗ್ಯುಲೇಟರು ಮುಟ್ಟಿ ನೋಡಿದೆ. ಸ್ವಲ್ಪ ತಣ್ಣಗೆ ಅಷ್ಟೇ, ಒಂದು ಚುಕ್ಕಿ ಬಿಳಿ ಇಲ್ಲ.

"ಆತು ಅಪ್ಪ," ಎಂದೆ.

"ಆತಾ?" ಎಂದರು ಅವರು. ಆ ಧ್ವನಿಯಲ್ಲಿ ಸಂತೋಷ ಇರಲಿಲ್ಲ. ನನ್ನ ಮೇಲಿನ ಸಿಟ್ಟು ಇನ್ನೂ ಆರಿಲ್ಲ ಎಂದುಕೊಂಡೆ.

ಹತ್ತು ಗಂಟೆ ಹೊತ್ತಿಗೆ ಗಂಗಕ್ಕ ಕೂಗಿದಳು. ಬಾವಿಕಟ್ಟೆಯ ಹತ್ತಿರದ ಮರದಲ್ಲಿ ಏಳೆಂಟು ಮಂಗ, ಎಳೆ ಕಾಯಿ ಕಿತ್ತು ಕಿತ್ತು ಎಸೆಯುತ್ತಿದ್ದವು. ಈ ಸಲ ಅವಳು ಯಾರನ್ನೂ ಕರೆದಿರಲಿಲ್ಲ, ಮೊಬೈಲೂ ಹಿಡಿಯಲಿಲ್ಲ. "ನನ್ನ ದೋಸೆ ಹೊತ್ತಿ ಹೋಗ್ತದೆ, ನೀವು ನೋಡ್ಕಣಿ ದೇವಪ್ಪಣ್ಣ" ಎಂದು ಒಳಗೆ ಹೋದಳು. ನಮ್ಮ ಮರ್ಯಾದೆ ಕಾಯಲೆಂದೇ ಒಳಗೆ ಹೋದದ್ದು, ಅಷ್ಟು ನನಗೂ ತಿಳಿಯುತ್ತದೆ.

ಅಪ್ಪ ಕಾಲು ಅಗಲಿಸಿ ನಿಂತರು. ಕೋವಿ ಎತ್ತಿದರು. ಟಪ್ ಟಪ್ ಟಪ್ ಎಂದು ಐದು ಗುಂಡು ಹೋದವು, ಒಂದೇ ಸಮ, ಒಂದೇ ಸದ್ದು. ಇಷ್ಟು ಚಂದದ ಸದ್ದನ್ನು ಆ ಗನ್ನು ರೆಸಾರ್ಟಿನಲ್ಲೂ ಮಾಡಿರಲಿಲ್ಲ. ನಾನು ನೋಡುತ್ತಿದ್ದದ್ದು ರೆಗ್ಯುಲೇಟರನ್ನು. ಎಲ್ಲ ಸರಿ. ತಲೆ ಎತ್ತಿದರೆ ಮಂಗಗಳು ಅಲ್ಲೇ ಕೂತಿವೆ. ಅವುಗಳಿಂದ ಹತ್ತು ಮಾರು ದೂರ, ಹಗ್ಗದ ಮೇಲೆ ಒಣಹಾಕಿದ ಗಂಗಕ್ಕನ ಬಿಳಿ ಚಾದರದ ಮೇಲೆ ಐದು ಹಳದಿ ಹೂವು.

ನಳಿಗೆ ವಾರೆಯಾಗಿದೆಯೇ ಎಂದು ನೋಡಿದೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ. ಆಗಲೂ ನಾನು ಗನ್ನಿನ ತಪ್ಪನ್ನೇ ಹುಡುಕುತ್ತಿದ್ದೆ.

"ಯಾವ ಮರ?" ಎಂದು ಅಪ್ಪ ಮೆಲ್ಲಗೆ ಕೇಳಿದರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಿದ್ದರು, ಆದರೆ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದರು.

"ಯಾವಾಗಿಂದ ಅಪ್ಪ?"

"ಮಳೆಗಾಲಕ್ಕೆ ಮೊದ್ಲಿಂದ. ಎಡಗಣ್ಣು ಪೂರಾ ಮಸುಕು. ಬಲಗಣ್ಣಲ್ಲಿ ಹತ್ರದ್ದು ಸ್ವಲ್ಪ ಕಾಣ್ತದೆ, ಮರದ ತಲೆ ಕಾಣೂದಿಲ್ಲ. ಠಾಣೆಯವ್ರು ಎರಡು ಸಲ ಫೋನ್ ಮಾಡಿದ್ರು, ಕೋವಿ ತಕಂಡು ಹೋಗಿ ಅಂತ. ನಾ ಹೋಗ್ಲಿಲ್ಲ. ಮೇಲೆ ಮಂಗ ಉಂಟಾ ಮನುಷ್ಯ ಉಂಟಾ ಕಾಣದವ ಕೋವಿ ಮನೆಗೆ ತಂದು ಎಂತ ಮಾಡೂದು?"

"ನಮ್ಗೆ ಒಂದು ಮಾತು ಹೇಳೂಕೆ ಎಂತ ಆಗಿತ್ತು?"

"ಕೋವಿ ಇಲ್ಲ ಅಂದ್ರೆ, ಪಾಪ ದೇವಪ್ಪಣ್ಣ, ಕೋವಿ ಬರ್ಲಿ ಅಂತಾರೆ. ಕಣ್ಣಿಲ್ಲ ಅಂದ್ರೆ ಮತ್ತೆ ಕರೆಯೂದೇ ಇಲ್ಲ."

ಬಾವಿಕಟ್ಟೆಯ ಮೇಲೆ ಮತ್ತೊಂದು ಎಳೆ ಕಾಯಿ ಬಿತ್ತು. ಅಪ್ಪ ಸದ್ದು ಬಂದ ಕಡೆ ತಲೆ ತಿರುಗಿಸಿದರು.

"ಬಾಯಿ ಕೆಳಗೆ ಮಾಡಿದ್ರೆ ಇದು ಹೆಪ್ಪುಗಟ್ತದೆ ಅಂತ ನಂಗೆ ಎರಡ್ನೇ ದಿನವೇ ಗೊತ್ತಾಗಿತ್ತು," ಎಂದರು. "ಒಳಗೆ ಎಂತದೋ ಮುಂದೆ ಹರಿದು ಬರ್ತದೆ, ಅಂಗೈಗೆ ತಣ್ಣಗೆ ತಾಗ್ತದೆ. ಗೊತ್ತಾಗ್ದೆ ಇರ್ತದಾ?"

"ಗೊತ್ತಿದ್ದೂ ಹೇಳ್ಲಿಲ್ಲ?"

"ಹೇಳಿದ್ರೆ ನೀ ರಿಪೇರಿ ಮಾಡ್ತಿದ್ದೆ."

ಒಂದೂವರೆ ತಿಂಗಳ ಸಿಟ್ಟು ಒಮ್ಮೆಗೇ ಮೇಲೆ ಬಂತು. ಐದು ಸಲ ಕುಮಟೆ, ಒಂಬತ್ತು ರಬ್ಬರ್ ರಿಂಗು, ಆ ಬಡಪಾಯಿ ಸೋಡಾದವನಿಗೆ ಬೈದದ್ದು, ಗಂಡನ ಮೇಲೆ ಹರಿಹಾಯ್ದದ್ದು. ಇವರು ಜಗಲಿಯ ಮೇಲೆ ಕೂತು "ಬಿಡು ಮಗಾ" ಎನ್ನುತ್ತಿದ್ದರು. ಹೆಪ್ಪುಗಟ್ಟಿದ ರೆಗ್ಯುಲೇಟರಿನ ಹಿಂದೆ ಅಡಗಿ ಕೂತ ಮನುಷ್ಯನನ್ನು ನಾನೇ ಕಷ್ಟಪಟ್ಟು, ಪೈಪು ತರಿಸಿ, ಹೊರಗೆಳೆದು ಬಯಲಲ್ಲಿ ನಿಲ್ಲಿಸಿದ್ದೆ. ಬೈಯಬೇಕೆಂದು ಬಾಯಿ ತೆರೆದೆ, ಯಾರಿಗೆ ಬೈಯುವುದೆಂದು ತಿಳಿಯಲಿಲ್ಲ.

ಒಳಗೆ ದೋಸೆಯ ಹಂಚು ಕೆಳಗಿಟ್ಟ ಸದ್ದಾಯಿತು. ಗಂಗಕ್ಕ ಈಗ ಹೊರಗೆ ಬರುತ್ತಾಳೆ.

ಅಪ್ಪನ ಕೈಯಿಂದ ಗನ್ನು ತೆಗೆದುಕೊಂಡೆ. ಸಿಲಿಂಡರು ಅವರ ಸೊಂಟದಲ್ಲಿ, ಗನ್ನು ನನ್ನ ಕೈಯಲ್ಲಿ, ನಡುವೆ ಒಂದು ಮೀಟರು ಪೈಪು. ದೂರ ಹೋಗುವ ಹಾಗಿಲ್ಲ, ಅವರ ಭುಜಕ್ಕೆ ಭುಜ ತಾಗಿಸಿಯೇ ನಿಲ್ಲಬೇಕಾಯಿತು. ಮೇಲೆ ಯಾರೂ ಹತ್ತಿಲ್ಲ ಎಂದು ಎರಡು ಸಲ ನೋಡಿದೆ. ಮಂಗ ಕೂತ ಗರಿಗಿಂತ ಎರಡು ಮಾರು ಕೆಳಗೆ, ಕಾಂಡಕ್ಕೆ ನಾಲ್ಕು ಗುಂಡು ಹೊಡೆದೆ. ಬಣ್ಣ ಸಿಡಿಯಿತು. ಹಿಂಡು ಒಂದರ ಹಿಂದೊಂದು ಮರ ಹಾರಿ, ಬೇಲಿ ದಾಟಿ, ಗದ್ದೆಗೆ ಇಳಿಯಿತು. ಅಪ್ಪ ಕಿವಿಯಿಂದಲೇ ಅವುಗಳನ್ನು ಗದ್ದೆಯಾಚೆಯವರೆಗೆ ಹಿಂಬಾಲಿಸಿದರು. ಗಂಗಕ್ಕನ ಚಪ್ಪಲಿಯ ಸದ್ದು ಕೇಳಿದ ಕೂಡಲೆ ನಾನು ಗನ್ನನ್ನು ಮತ್ತೆ ಅವರ ಕೈಗೆ ಕೊಟ್ಟೆ.

ಗಂಗಕ್ಕ ಬಂದವಳು ಮೊದಲು ಮರ ನೋಡಿದಳು, ಆಮೇಲೆ ಚಾದರ.

"ಇದು ಯಾರ ಕೆಲಸ?"

"ನಂದು ಗಂಗಕ್ಕ," ಎಂದೆ. "ನಾ ಒಮ್ಮೆ ಹೊಡ್ದು ನೋಡ್ದೆ. ತೊಳೆದ್ರೆ ಹೋಗ್ತದೆ ಅದು."

"ನಿಂಗೆ ಎಂತಕ್ಕೆ ಬೇಕಿತ್ತು ಮಾರಾಯ್ತಿ ಅದು? ಗುರಿ ಗೊತ್ತಿಲ್ದೆ ಇದ್ದವ್ರು ಕೋವಿ ಮುಟ್ಟೂದಲ್ಲ. ನಿನ್ನೆಯಷ್ಟೇ ತೊಳೆದ ಚಾದರ. ಅಪ್ಪನ ನೋಡು, ನಾಲ್ಕಕ್ಕೆ ನಾಲ್ಕು ಒಂದೇ ಜಾಗಕ್ಕೆ. ಈ ವಯಸ್ಸಲ್ಲಿ." ಅವಳು ಅಪ್ಪನ ಕಡೆ ತಿರುಗಿದಳು. "ದೇವಪ್ಪಣ್ಣ, ಮಾದೇವಿ ತೋಟದಲ್ಲೂ ಇದೇ ಗೋಳು. ನಾಳೆ ಅಲ್ಲಿಗೊಂದ್ಸಲ ಬರ್ತೀರಾ?"

ಅಪ್ಪ ನನ್ನ ಕಡೆ ತಿರುಗಲಿಲ್ಲ. "ಬರ್ತೆ," ಎಂದರು.

ನನ್ನ ಗುರಿಯ ಬಗ್ಗೆ ಗಂಗಕ್ಕ ಇನ್ನೂ ಹೇಳುತ್ತಲೇ ಇದ್ದಳು. ನಾನು ಚಾದರ ಹಗ್ಗದಿಂದ ಎಳೆದು ಬಾವಿಕಟ್ಟೆಯಲ್ಲಿ ಉಜ್ಜಿ ತೊಳೆದೆ. ಕೈ ಉರಿಯುವಷ್ಟು ಉಜ್ಜಿದೆ. ಅಪ್ಪ ಅಲ್ಲೇ ನಿಂತು ಗಂಗಕ್ಕನ ಜೊತೆ ಯಾವ ಮರಕ್ಕೆ ಎಷ್ಟು ಕಾಯಿ ಎಂದು ಮಾತಾಡುತ್ತಿದ್ದರು, ಆರು ತಿಂಗಳ ಮೇಲೆ ಮೊದಲ ಸಲ.

ಮನೆಗೆ ಬರುವಾಗ ಬೇಲಿ ದಾಟಲು ಅವರ ಮೊಣಕೈ ಹಿಡಿದೆ. ಕೊಡವಲಿಲ್ಲ.

"ನಾಳೆ ಎಷ್ಟು ಗಂಟೆ ಬಸ್ಸಿಗೆ ಬರ್ತೆ?" ಎಂದು ಕೇಳಿದರು.

"ನಾಳೆ ಮೊದ್ಲು ಕಣ್ಣಿನ ಡಾಕ್ಟ್ರ ಹತ್ರ ಹೋಗೂದು. ಮಾದೇವಿ ತೋಟ ಆಮೇಲೆ."

"ಮಂಗ ಬೆಳಿಗ್ಗೆಯೇ ಬರ್ತದೆ."

"ಅಪ್ಪ, ನಂಗೆ ಸಿಟ್ಟು ಬರ್ಸ್‌ಬೇಡಿ."

"ಎಷ್ಟು ಗಂಟೆ ಬಸ್ಸಿಗೆ?" ಅಪ್ಪ ಮತ್ತೆ ಕೇಳಿದರು.